ಬಾಯ್ಲರಣ್ಣನ ಪಾಳಿ

ಬೂದಿಯಕ್ಕ ಯಾರದೋ ಮನೆಯ ಮೆಟ್ಟಿಲು ಗುಡಿಸುತ್ತಿದ್ದಳು. ಮೊದಲು ವಿದ್ಯುತ್ ಸ್ಥಾವರದಲ್ಲಿ ಕ್ರೇನ್ ಓಡಿಸುತ್ತಿದ್ದವನು ಬೀದಿಯಲ್ಲೇ ನಿಂತು, “ಅಕ್ಕಾ, ಬಾಯ್ಲರಣ್ಣ ಬೆಳಗಿನ ಜಾವ ಹೋಗ್ಬಿಟ್ರು” ಎಂದ. ಅವಳು ಪೊರಕೆಯನ್ನು ಗೋಡೆಗೆ ಒರಗಿಸಿ, ಉಳಿದ ಮೆಟ್ಟಿಲುಗಳನ್ನು ಹಾಗೆಯೇ ಬಿಟ್ಟು ಹೊರಟಳು.

ಬಾಯ್ಲರಣ್ಣನ ನಡುಮನೆಯಲ್ಲಿ ಅವರ ಹೆಂಡತಿ, ಎಲ್ಲರ ಅತ್ತಿಗೆ, ಮಲಗಿಸಿದ್ದ ಗಂಡನಿಗೆ ತೊಡಿಸಿದ ಕೆಲಸದ ನೀಲಿ ಅಂಗಿಗೆ ಗುಂಡಿ ಹಾಕಲು ತಡಕಾಡುತ್ತಿದ್ದಳು. ಬೂದಿಯಕ್ಕ ಪಕ್ಕದಲ್ಲಿ ಕೂತು ಕೈಜೋಡಿಸಿದಳು.

“ಮದುವೆ ದಿನಾನೂ ಇಂಥದೇ ಅಂಗೀಲಿ ಬಂದಿದ್ರು ಕಣೇ. ಮುಂದಿನ ಪಾಳಿಯವನು ತಡವಾಗಿ ಬಂದ್ನಂತೆ.”

“ನಿಮ್ಮಪ್ಪ ಸುಮ್ನಿದ್ರಾ?”

“ಉಗಿದ್ರು. ಇವರು, ಬಾಯ್ಲರ್ ಬಿಟ್ಟು ಬರೋನು ನಿಮ್ಮ ಮಗಳನ್ನೂ ಒಂದಿನ ಬಿಟ್ಟು ಹೋಗ್ತಾನೆ ಮಾವ ಅಂದ್ರು. ಅಪ್ಪಾನೇ ಕೈ ಹಿಡಿದು ಹಸೆಮಣೆಗೆ ಕರ್ಕೊಂಡು ಹೋದ್ರು.”

ಇಬ್ಬರೂ ಕಣ್ಣೀರಿನ ನಡುವೆಯೇ ನಕ್ಕರು.

ಹೊರಗೆ ಜಗುಲಿಯಲ್ಲಿ ಬೇರೆ ಮಾತು. ಬೂದಿಯಕ್ಕನಂತೆ ಸ್ಥಾವರದ ಬೂದಿ ಬಾಚುತ್ತಿದ್ದ ಹೆಂಗಸರಿಗೂ ಕೆಲಸ ಕೊಡಿ ಎಂದು ಬಾಯ್ಲರಣ್ಣ ಮರುದಿನ ಸೋಲಾರ್ ಕಂಪನಿಯವರೆದುರು ಮಾತಾಡಬೇಕಿತ್ತು.

“ಇನ್ನು ನೀನೇ ಮಾತಾಡಕ್ಕಾ” ಎಂದ ಕ್ರೇನಿನವನು.

“ಸಾಹೇಬರ ಮುಂದೆ ನನ್ನ ನಾಲಿಗೆ ಹೊರಳಲ್ಲ ಕಣೋ.”

“ನಮ್ಮ ಮೇಲೆ ಮಾತ್ರ ಚೆನ್ನಾಗಿ ಹೊರಳುತ್ತಲ್ಲ!”

ಅವಳು ಸೆರಗು ಕೊಡವಿ ಒಳಗೆ ಹೋದಳು.

*

ಅವರೆಲ್ಲ ದುಡಿಯುತ್ತಿದ್ದ ಕಲ್ಲಿದ್ದಲಿನ ವಿದ್ಯುತ್ ಸ್ಥಾವರದಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಮುಂದಿನ ಪಾಳಿಗೆ ಬಂದವನು ಹೆಗಲು ಮುಟ್ಟಿ “ನಾನು ಬಂದೆ, ನೀವು ಹೊರಡಿ” ಎನ್ನುವವರೆಗೆ ಬಾಯ್ಲರ್ ಮುಂದೆ ನಿಂತವನು ಕದಲುವಂತಿಲ್ಲ. ಸ್ಥಾವರ ಮುಚ್ಚಿದ ದಿನ ಎಲ್ಲರೂ ಫೋಟೊ ತೆಗೆಸಿಕೊಂಡು ಹೋದರು. ಬಾಯ್ಲರಣ್ಣ ಮಾತ್ರ ನಿಂತೇ ಇದ್ದರು.

“ಬೆಂಕಿ ಆರಿದೆ, ಮನೆಗೆ ನಡೀರಿ ಅಣ್ಣಾ” ಎಂದಿದ್ದಳು ಬೂದಿಯಕ್ಕ.

“ಯಾರೂ ಬರಲಿಲ್ಲವಲ್ಲಮ್ಮ.” ಆಮೇಲೆ ಅವಳ ಬೂದಿ ಬುಟ್ಟಿ ನೋಡಿ ಹೇಳಿದ್ದರು: “ಮುಚ್ಚಿದ್ದು ಒಳ್ಳೇದೇ, ಮಕ್ಕಳ ಕೆಮ್ಮು ನಿಲ್ಲುತ್ತೆ. ಆದ್ರೆ ಬೂದಿ ಹೊತ್ತೋರನ್ನ ಬೂದಿ ಜೊತೆಗೇ ಎಸೆಯೋದಾ?”

ಕಾಯಂ ನೌಕರರಿಗೆಲ್ಲ ಹೊಸ ಸೋಲಾರ್ ಫಲಕಗಳ ಬಯಲಿನಲ್ಲಿ ತರಬೇತಿ, ಕೆಲಸ ಸಿಕ್ಕಿತು. ಗುತ್ತಿಗೆಯ ಮೇಲೆ ಬೂದಿ ಹೊರುತ್ತಿದ್ದ ಹೆಂಗಸರನ್ನು ಯಾರೂ ಕೇಳಲಿಲ್ಲ. ಬಾಯ್ಲರಣ್ಣನಿಗೂ ಕರೆ ಬಂತು. “ಮೊದಲು ಅವರನ್ನ ಕರೀರಿ, ಹಿಂದೇನೇ ನಾನೂ ಬರ್ತೀನಿ” ಎಂದರು. ಅವರನ್ನು ಕರೆಯಲಿಲ್ಲ, ಇವರು ಹೋಗಲಿಲ್ಲ.

*

ಚಟ್ಟ ಹೊರುವವರು ಹೆಗಲು ಕೊಡಲು ಬಗ್ಗಿದರು. ಅತ್ತಿಗೆ ಗಂಡನ ಅಂಗಿಯ ಅಂಚು ಬಿಡಲಿಲ್ಲ.

“ತಡೀರಪ್ಪ. ಅವರು ಹಾಗೆಲ್ಲ ಹೊರಡೋರಲ್ಲ.”

ಜೊತೆಗೆ ದುಡಿದವರಿಗೆಲ್ಲ ಅರ್ಥವಾಯಿತು. ಕ್ರೇನಿನವನು ಬಾಯಿ ತೆರೆದ. ತಾನು ತೊಟ್ಟಿದ್ದ ಸೋಲಾರ್ ಕಂಪನಿಯ ಹೊಸ ಸಮವಸ್ತ್ರ ನೋಡಿಕೊಂಡು ತಲೆ ತಗ್ಗಿಸಿದ. ಬಾಗಿಲಲ್ಲಿ ಗುಂಪಾಗಿ ನಿಂತಿದ್ದ ಬೂದಿಯ ಹೆಂಗಸರು ಬೂದಿಯಕ್ಕನನ್ನೇ ನೋಡುತ್ತಿದ್ದರು.

ಅವಳು ಮುಂದೆ ಬಂದಳು. ಕೈಯನ್ನು ಸೆರಗಿಗೆ ಒರೆಸಿಕೊಂಡು ಆ ತಣ್ಣನೆಯ ಹೆಗಲು ಮುಟ್ಟಿದಳು.

“ಅಣ್ಣಾ, ನಾನು ಬಂದೆ. ನೀವು ಹೊರಡಿ.”

ದನಿ ಬೀದಿಯವರೆಗೂ ಕೇಳಿಸಿತು. ಅತ್ತಿಗೆಯ ಬೆರಳುಗಳು ಮೆಲ್ಲನೆ ಸಡಿಲವಾದವು. ಅತ್ತಿಗೆ ಕೈಮುಗಿದಳು.

“ಭಗವಂತಾ, ನಿಂತೂ ನಿಂತೂ ದಣಿದ ಜೀವ. ನಿನ್ನ ನೆರಳಲ್ಲಿ ಇನ್ನಾದರೂ ಕೂರಿಸಿಕೋ.”