ಗೆಲ್ಲೋ ಅಣ್ಣನಿಗೂ ಒಂದು ಟ್ರಯಲ್

ಆ ಬೀದಿಯಲ್ಲಿ ನಲ್ಲಿ ತಿರುಗಿಸಿದರೆ ಮೊದಲು ಬರುವುದು ಚರಂಡಿ ವಾಸನೆ, ಆಮೇಲೆ ನೀರು. ಅದನ್ನು ಕುಡಿದೇ ಟೈಲರಮ್ಮನ ಮಗಳು ಕಾಮಾಲೆ ಬಂದು ಆಸ್ಪತ್ರೆ ಸೇರಿದ್ದಳು. ಈಗ ಚೇತರಿಸಿಕೊಂಡಿದ್ದಳು, ಆದರೆ ಡಾಕ್ಟರು ಹೇಳಿದ್ದರು: "ಮತ್ತೆ ಅದೇ ನೀರು ಹೊಟ್ಟೆಗೆ ಹೋದ್ರೆ ಮಗು ತಡ್ಕೊಳಲ್ಲ." ಮನೆಯಲ್ಲೇನೋ ಕುದಿಸಿ ಕೊಡಬಹುದು. ಶಾಲೆಯಲ್ಲಿ? ತಾಯಿಗೆ ಮಗಳನ್ನು ಆಸ್ಪತ್ರೆಯಿಂದ ಕರೆತರಲೂ ಭಯ, ಬಿಟ್ಟಿರಲೂ ಸಂಕಟ.

ನಾಡಿದ್ದು ವಾರ್ಡಿನ ಚುನಾವಣೆ. ಅವಳ ಗಂಡ ಆಟೋಗೆ ನಗುಮುಖದಣ್ಣನ ಬಾವುಟ ಕಟ್ಟಿಕೊಂಡಿದ್ದ. ಹಾಲಿ ಸದಸ್ಯ ಈ ಅಣ್ಣನೇ. ಯಾರ ಮನೆ ಸಾವಿಗೂ ಮೊದಲು ಹೆಗಲು ಕೊಡುವವನು. ಎದುರಾಳಿ, ಬಸ್ ಡಿಪೊ ನಡೆಸಿ ನಿವೃತ್ತರಾದ ಮೇಡಂ. ಅವರು ನಕ್ಕಿದ್ದನ್ನು ಕಂಡವರಿಲ್ಲ.

"ಗೆಲ್ಲೋ ಕುದುರೆ ಬಿಟ್ಟು ಕುಂಟು ಕುದುರೆ ಬಾಲ ಹಿಡೀತಾರಾ?" ಎಂದ ಗಂಡ.

"ಗೆಲ್ಲೋದು ಒಂದು ಕೆಲಸ ಭಾವ, ಗೆದ್ದ ಮೇಲೆ ಪೈಪು ಹಾಕಿಸೋದು ಇನ್ನೊಂದು," ಎಂದಳು ಪಕ್ಕದ ಮನೆಯ ನರ್ಸಮ್ಮ. "ಎರಡೂ ಒಬ್ಬರಿಗೇ ಬರುತ್ತೆ ಅಂತ ಏನಿಲ್ಲ. ಪೈಪಿನ ವಿಷಯ ಇಬ್ಬರನ್ನೂ ಕೇಳಿ ನೋಡಿ."

ಅಷ್ಟರಲ್ಲಿ ಅಣ್ಣನೇ ಟೈಲರಮ್ಮನ ಅಂಗಡಿಗೆ ಬಂದ, ವಿಜಯದ ಮೆರವಣಿಗೆಗೆ ಹೊಲಿಸಿದ್ದ ಕೋಟಿನ ಟ್ರಯಲ್‌ಗೆ. ಟೈಲರಮ್ಮ ಕಚ್ಚಾ ಹೊಲಿಗೆ ಹಾಕಿ, ತೊಡಿಸಿ, ಕೈ ಎತ್ತಿಸಿ ನೋಡದೆ ಯಾರಿಗೂ ಕೋಟು ಕೊಟ್ಟವಳಲ್ಲ. ಕನ್ನಡಿ ಮುಂದೆ ಚೆಂದ ಕಾಣುವ ಕೋಟು ಕೈ ಎತ್ತಿದರೆ ಕಂಕುಳಲ್ಲಿ ಬಿರಿಯುವುದುಂಟು.

"ಮಗಳು ಹೇಗಿದಾಳೆ ತಾಯಿ?" ಅಣ್ಣನ ಕಣ್ಣು ನಿಜಕ್ಕೂ ಒದ್ದೆಯಾಗಿತ್ತು.

ಅವಳು ಗುಂಡುಸೂಜಿ ಕೆಳಗಿಟ್ಟಳು. ಗಂಡ ಬೇಡವೆಂದು ಕಣ್ಸನ್ನೆ ಮಾಡಿದ.

"ನೀರಿನ ಪೈಪು ಎಲ್ಲಿ ಒಡೆದಿದೆ ಅಣ್ಣ?"

"ಎಲ್ಲಾ ನಾನು ನೋಡ್ಕೋತೀನಿ."

"ಎಲ್ಲಿ ಒಡೆದಿದೆ? ಯಾರು ರಿಪೇರಿ ಮಾಡ್ತಾರೆ? ಯಾವಾಗ?"

ಅಣ್ಣ ಹಿಂಬಾಲಕರತ್ತ ನೋಡಿದ. ಅವರು ಚಾವಣಿ ನೋಡಿದರು.

"ಮೊದಲು ಗೆಲ್ಲಿಸಿ. ಆಮೇಲೆ ವಿಚಾರಿಸ್ತೀನಿ."

ಐದು ವರ್ಷ ಕುರ್ಚಿಯಲ್ಲಿ ಕೂತವನ ಮಾತಿದು. ಗಂಡನ ಮುಖ ಕಪ್ಪಿಟ್ಟಿತು.

ಸಂಜೆ ಅವನೇ ಹೆಂಡತಿಯನ್ನು ಮೇಡಂ ಮನೆಗೆ ಕರೆದೊಯ್ದ. ಮೇಡಂ ಕೂತ್ಕೊಳ್ಳಿ ಎನ್ನಲೂ ಇಲ್ಲ. ಟೈಲರಮ್ಮ ನಿಂತೇ ಅದೇ ಮೂರು ಪ್ರಶ್ನೆ ಕೇಳಿದಳು.

"ಮೂಲೆ ಚರಂಡಿ ಕೆಳಗೆ ಪೈಪು ತುಕ್ಕು ಹಿಡಿದು ಒಡೆದಿದೆ. ಇಂಜಿನಿಯರನ್ನ ಕರ್ಕೊಂಡು ಹೋಗಿ ನೋಡಿದೀನಿ. ಗೆದ್ದರೆ ಮೊದಲ ತಿಂಗಳೇ ನಿಮ್ಮ ಬೀದಿ ಅಗೆಸ್ತೀನಿ. ಅಲ್ಲೀವರೆಗೆ ಟ್ಯಾಂಕರ್ ನೀರು. ಅಗೆದಾಗ ನಿಮ್ಮ ಆಟೋ ಬೀದಿ ಒಳಗೆ ಬರಲ್ಲ. ಬೈತೀರಿ, ಬೈಸ್ಕೋತೀನಿ."

"ಹೀಗೆ ಮಾತಾಡಿದ್ರೆ ಓಟು ಬೀಳುತ್ತಾ ಮೇಡಂ?" ಎಂದ ಗಂಡ.

"ಓಟು ಕೇಳೋದು ನನಗೆ ಬರಲ್ಲಪ್ಪ."

ಹೊರಬಂದವನು ಆಟೋದ ಬಾವುಟ ಬಿಚ್ಚಿದ. "ನನಗೆ ಬರುತ್ತಲ್ಲ," ಎಂದ. "ಕಳೆದ ಸಲ ಅಣ್ಣನಿಗೋಸ್ಕರ ಓಟು ಕೇಳಿದೆ. ಈ ಸಲ ನನ್ನ ಮಗಳಿಗೋಸ್ಕರ ಕೇಳ್ತೀನಿ." ಅಂದೇ ಗಂಡ ಹೆಂಡತಿ, ನರ್ಸಮ್ಮ ಮನೆಮನೆಗೂ ಹೋದರು.

ಟೈಲರಮ್ಮ ಅಣ್ಣನ ಕೋಟನ್ನು ಅಚ್ಚುಕಟ್ಟಾಗಿ ಹೊಲಿದುಕೊಟ್ಟಳು. ಓಟು ಮಾತ್ರ ಕೊಡಲಿಲ್ಲ.

ಅಕ್ಕ, ಅಣ್ಣ, ನಿಮ್ಮ ಬಾಗಿಲಿಗೂ ನಗುಮುಖಗಳು ಬರುತ್ತವೆ. ನಗುವವರೆಲ್ಲ ಕೆಟ್ಟವರಲ್ಲ, ಸಿಡುಕುವವರೆಲ್ಲ ಸಮರ್ಥರೂ ಅಲ್ಲ. ಕೇಳಿ: ಎಲ್ಲಿ, ಯಾರು, ಯಾವಾಗ? ಉತ್ತರ ಇದ್ದವರಿಗೆ ಓಟು ಹಾಕಿ. ಓಟು ಹಾಕಿದ ಮೇಲೆ ಟ್ರಯಲ್ ನೋಡಲು ಆಗುವುದಿಲ್ಲ, ಆ ನೀರು ಕುಡಿಯುವವರು ನಿಮ್ಮ ಮಕ್ಕಳು.