ಅಕ್ಕುತಾಯಿ ಬರದ ಖರೇ ಕೇಸು

ಆ ಕಾಲೇಜಿನ ಮೆಟ್ಟಲಾ ಹತ್ತೂದಂದ್ರ ಅಕ್ಕುತಾಯಿಗೆ ಮೈಯೆಲ್ಲಾ ಉರೀತಿತ್ತು. ಕೆಳಗ ಟ್ರ್ಯಾಕ್ಟರ್ ಟಾಯರ್ ಅಂಗಡಿ, ಮ್ಯಾಲೆ ನರ್ಸಿಂಗ್ ಕಾಲೇಜು. ಕಾಲೇಜಂತ ಕಾಲೇಜು! ಮೂರು ಖೋಲಿ, ಒಂದು ಬೋರ್ಡು, ಲ್ಯಾಬಿನ್ಯಾಗ ಒಂದು ಪ್ಲಾಸ್ಟಿಕ್ ಗೊಂಬಿ. ಆ ಗೊಂಬಿಗೂ ಒಂದ ಕೈ. ಆ ಒಂದ ಕೈಗೆ ಸೂಜಿ ಚುಚ್ಚೂದು ಹೆಂಗಂತ ಹೇಳಿಕೊಡಾಕ ನಿಂತ ಮೇಡಮ್ಮು ಹೋದ ವರ್ಷ ಪಾಸಾದ ಪೋರಿ. ಅಕ್ಕುತಾಯಿ ಹದಿನಾರು ವರ್ಷದ ನರ್ಸ್ ಕೆಲಸದಾಗ ಎಷ್ಟು ಮಂದಿಗೆ ಸಲಾಯಿನ್ ಹಚ್ಚ್ಯಾಳೋ ದೇವರಿಗೇ ಗೊತ್ತು. ಹಸಗೂಸಿನ ನರ ಸಿಗಲಿಲ್ಲಂದ್ರ ಡಾಕ್ಟರ್ ಆಕೀನ್ನ ಕರೀತಿದ್ದ. ಅಂಥಾಕಿ ಈಗ ಒಂಟಿಗೈ ಗೊಂಬಿ ಮುಂದ ಕೈಕಟ್ಟಿ ನಿಂದ್ರಬೇಕು. ಥೂ, ಇದೂ ಒಂದು ಬಾಳೇನು ಅಂತ ಆಕಿಗೆ ಅನಸ್ತಿತ್ತು.

ಆದ್ರ ನಿಂದ್ರಲಾರದ ಗತಿ ಇರಲಿಲ್ಲ. ಆಕಿ ಓದಿದ್ದು ಮೂರು ವರ್ಷದ ಜಿಎನ್‌ಎಂ ನರ್ಸಿಂಗ್ ಡಿಪ್ಲೋಮಾ. ಅಥಣಿ ಕಡೆ ಆಕಿ ಕೆಲಸಾ ಮಾಡೋ ಖಾಸಗಿ ದವಾಖಾನಿ ಮಾಲಕ ಡಾಕ್ಟರ್ ನಿತಿನ ಎರಡು ವರ್ಷದ ಹಿಂದ ಒಂದು ಕಾಗದಾ ತಂದು ಗ್ವಾಡಿಗೆ ಹಚ್ಚಿಸಿದ: ಇನ್ಮುಂದ ವಾರ್ಡಿನ ಇನ್‌ಚಾರ್ಜ್ ಆಗಾಕ ಬಿ.ಎಸ್‌ಸಿ. ನರ್ಸಿಂಗ್ ಆಗಿರಬೇಕು. ಮರುದಿನಾನ ಅಕ್ಕುತಾಯಿ ಕುಂಡ್ರೋ ಖುರ್ಚಿ ಮ್ಯಾಲೆ ಪೂನಮ ಅನ್ನೋ ಇಪ್ಪತ್ಮೂರರ ಹುಡುಗಿ ಬಂದು ಕುಂತ್ಲು. ಆಕಿಗೆ ಬಿ.ಎಸ್‌ಸಿ. ಇತ್ತು, ರಕ್ತಾ ಕಂಡ್ರ ತಲಿ ತಿರುಗೂದೂ ಇತ್ತು.

‘ಸಿಸ್ಟರ್, ನೀವೂ ಪೋಸ್ಟ್ ಬೇಸಿಕ್ ಬಿ.ಎಸ್‌ಸಿ. ಮಾಡ್ಕೋರಿ. ಎರಡ ವರ್ಷ. ಪಾಸಾಗಿ ಬರ್ರಿ, ಖುರ್ಚಿ ನಿಮ್ಮದ,’ ಅಂದ ಡಾಕ್ಟರ್.

ನಲವತ್ತೊಂದರ ವಯಸ್ಸಿನ್ಯಾಗ ಅಕ್ಕುತಾಯಿ ಮತ್ತ ಪುಸ್ತಕದ ಚೀಲಾ ಹೆಗಲಿಗೆ ಹಾಕ್ಕೊಂಡ್ಲು. ವಿದ್ಯಾ ಬೇಕಂತಲ್ಲ, ವಿದ್ಯಾ ಆಕಿ ಕೈಯಾಗ ಇತ್ತು. ತನ್ನ ಖುರ್ಚಿ ತನಗ ತಿರುಗಿ ಬೇಕಿತ್ತು, ಅಷ್ಟ.

ಕ್ಲಾಸಿನ್ಯಾಗ ಆಕೀನ್ನ ಹಿಡದು ಹನ್ನೊಂದು ಮಂದಿ. ಎಲ್ಲಾರೂ ಎಲ್ಲೆಲ್ಲೋ ಡ್ಯೂಟಿ ಮಾಡೋರು. ತಿಂಗಳಿಗೆ ಎರಡು ಐತವಾರ ಬಂದು, ಇಡೀ ತಿಂಗಳ ಹಾಜರಿ ಸಹಿ ಒಂದ ಸಲ ಹಾಕಿ ಹೋಗೋರು. ಅಕ್ಕುತಾಯಿನೂ ಹಂಗ ಹಾಕ್ತಿದ್ಲು, ಆದ್ರ ಆ ಮಾತು ಆಕಿ ಎತ್ತತಿರಲಿಲ್ಲ.

ಕಡೀ ಪರೀಕ್ಷಾಕ್ಕ ಒಬ್ಬೊಬ್ಬರೂ ತಾವ ಆರೈಕಿ ಮಾಡಿದ ಒಬ್ಬ ಪೇಶಂಟಿನ ಕೇಸು ಪೂರ್ತಿ ಬರದು ಫೈಲ್ ತರಬೇಕು. ಇವರು ಬರದ್ರು ಅಂತೀರೇನು? ಬಸ್‌ಸ್ಟ್ಯಾಂಡ್ ಹಿಂದಿನ ಝೆರಾಕ್ಸ್ ಅಂಗಡ್ಯಾಗ ತಯಾರ ಫೈಲ್ ಸಿಗ್ತಿತ್ತು. ಯಾವ ಕಾಲದಾಗ ಯಾವ ಪುಣ್ಯಾತ್ಮ ಬರದದ್ದೋ. ಹೆಸರು, ವಯಸ್ಸು, ಊರು ಅಷ್ಟ ಖಾಲಿ ಇರತಿದ್ದೂ. ಅಷ್ಟು ತುಂಬಿದ್ರ ಮುಗೀತು, ನರ್ಸ್ ತಯಾರ! ಆ ಫೈಲಿನ್ಯಾಗ ಯಾವ ಪೇಶಂಟೂ ಸಾಯಂಗಿಲ್ಲ. ಏಳನೇ ದಿನ ಎಲ್ಲಾರೂ ನಕ್ಕೋತ ಮನಿಗೆ ಹೋಗ್ತಾರ.

‘ಅಕ್ಕಾ, ನಿಮಗೂ ಒಂದು ತರ್ಲೇನ್ರಿ?’ ಅಂತ ಕೇಳಿದ್ಲು ರಾಯಬಾಗದ ಸಪನಾ. ಕ್ಲಾಸಿನ್ಯಾಗ ಎಲ್ಲಾರಕಿಂತ ಸಣ್ಣಾಕಿ, ಮಾತಿಗೊಮ್ಮೆ ಹಲ್ಲು ಕಿಸಿಯಾಕಿ.

‘ನಿನ್ನ ಪೇಶಂಟಿನ ಹೆಸರೇನಿಟ್ಟಿ ಬೇ?’

‘ಶೇವಂತಾ ಅಂತ ಹಾಕೇನ್ರಿ. ನಮ್ಮ ಆಯಿ ಹೆಸರು.’

ಅಕ್ಕುತಾಯಿ ಫೈಲ್ ಇಸ್ಕೊಂಡು ತಿರುವಿದ್ಲು. ಶೇವಂತಾ, ಹೆಂಗಸು, ವಯಸ್ಸು ಅರವತ್ತೆರಡು, ಊರು ಚಿಂಚಲಿ. ಕಾಯಿಲೆ: ಪ್ರೋಸ್ಟೇಟ್ ಗ್ರಂಥಿಯ ಬಾವು.

‘ಯವ್ವಾ ನನ್ನವ್ವಾ! ಗಂಡಸರಿಗಷ್ಟ ಇರೋ ಗ್ರಂಥಿ ನಿಮ್ಮ ಆಯಿಗೆ ಎಲ್ಲಿಂದ ಬಂತ ಬೇ?’

ಎಲ್ಲಾರೂ ಬಿದ್ದು ಬಿದ್ದು ನಕ್ರು. ಸಪನಾನೂ ನಕ್ಕಳು. ನಾಚಿಕಿ ಪಡೋದು ಬಿಟ್ಟು ತಾನೂ ನಗತಾಳಲ್ಲ ಅಂತ ಅಕ್ಕುತಾಯಿಗೆ ಹೇಸಿಗಿ ಬಂತು. ‘ಇಂಥವರ ಕೈಯಾಗ ಮಂದಿ ಜೀವಾ ಕೊಡ್ತಾರ ನೋಡು,’ ಅಂತ ಮಾರಿ ಮ್ಯಾಲೇ ಅಂದು ಫೈಲ್ ಒಗದ್ಲು. ಮನಶ್ಯಾರಲ್ಲ ಇವರು, ಝೆರಾಕ್ಸ್ ಮಷೀನು.

ಆಕಿ ಬರದದ್ದು ಖರೇ ಕೇಸು. ಆರು ತಿಂಗಳ ಹಿಂದ ಆಕಿ ಡ್ಯೂಟಿಯಾಗ ಅಡ್ಮಿಟ್ ಆಗಿದ್ದ ಕೋಮಲ. ಇಪ್ಪತ್ತೊಂದು ವರ್ಷ, ಚೊಚ್ಚಲ ಬಸರಿ, ಎಂಟು ತಿಂಗಳು, ಕೊಕಟನೂರ ಕಡೆ ಕುರಿ ಕಾಯೋ ಮನಿತನದಾಕಿ. ಕಾಲು ಬಾತಾವಂತ ಮುಂಜಾನೆ ಎಂಟಕ್ಕ ಬಂದ್ಲು. ಬಿ.ಪಿ. ಚೂರು ಜಾಸ್ತಿ ಇತ್ತು. ‘ನಾಕು ತಾಸಿಗೊಮ್ಮೆ ಬಿ.ಪಿ. ನೋಡ್ರಿ’ ಅಂತ ಗೀಚಿ ಡಾಕ್ಟರ್ ನಿತಿನ ನಿಪ್ಪಾಣಿಗೆ ಮದವಿ ಊಟಕ್ಕ ಹೋದ. ಮಧ್ಯಾಹ್ನ ಮೂರಕ್ಕ ಕೋಮಲಗ ಝಟಕಾ ಬಂತು, ಕೈಕಾಲು ಸೆಟದು ಬಾಯಾಗ ನೊರಿ ಬಂತು. ಡಾಕ್ಟರ್ ಫೋನ್ ಎತ್ತಲಿಲ್ಲ. ಪೂನಮ ಬಾಗಲದಾಗ ನಿಂತು ಅಳಾಕ ಹತ್ತಿದ್ಲು. ಅಂಬ್ಯುಲನ್ಸ್ ಮುಕ್ಕಾಲು ತಾಸು ತಡಾ ಮಾಡಿ ಬಂತು. ಮಿರಜಿಗೆ ಒಯ್ಯೂಮುಂದ, ಕಾಗವಾಡ ದಾಟೂದ್ರಾಗ ಹುಡುಗಿ ಹೋದ್ಲು. ಹೊಟ್ಟ್ಯಾಗಿನ ಕೂಸೂ ಹೋತು.

ಡಾಕ್ಟರ್, ಡ್ರೈವರ್, ಪೂನಮ, ಒಬ್ಬರನ್ನೂ ಅಕ್ಕುತಾಯಿ ಬಿಡಲಿಲ್ಲ. ತಾಸು, ಮಿನಿಟು ಸಹಿತ ಇಪ್ಪತ್ತು ಪುಟಾ ಬರದ್ಲು. ಓದಿದವರಿಗೆ ಗೊತ್ತಾಗಲಿ, ಈ ಸೀಮ್ಯಾಗ ಕೆಲಸಾ ಬರೋರು ಯಾರು, ಖುರ್ಚಿ ಕಾಯೋರು ಯಾರು ಅಂತ.

ಪ್ರಿನ್ಸಿಪಾಲ ಫೈಲ್ ನೋಡಿ ಗಾಬರಿ ಆದ. ‘ಕೇಸಿನ್ಯಾಗ ಪೇಶಂಟ್ ಡಿಸ್ಚಾರ್ಜ್ ಆಗಬೇಕ್ರಿ ಸಿಸ್ಟರ್. ಪರೀಕ್ಷಕರು ಏನರೆ ಕೆದಕಿದ್ರ? ಪಾಸಾಗೂದು ಬ್ಯಾಡೇನು ನಿಮಗ?’

‘ಸತ್ತಾಕೀನ್ನ ಎಬ್ಬಿಸಿ ಮನಿಗೆ ಕಳಸೂ ವಿದ್ಯಾ ನನಗ ಬರಂಗಿಲ್ರಿ ಸರ್. ನಿಮ್ಮ ಕಾಲೇಜಿನ್ಯಾಗ ಕಲಸ್ತಿದ್ರ ಹೇಳ್ರಿ,’ ಅಂದು ಎದ್ದು ಬಂದ್ಲು.

ಪರೀಕ್ಷಾ ದಿನ ಹೊರಗಿಂದ ಬಂದ ಪರೀಕ್ಷಕರು ಶ್ರೇಣಿಕ ಸರ್ ಅಂತ, ಅರವತ್ತರ ಹತ್ತಿರದವರು. ಗ್ವಾಡಂಬಿ ತಿನಕೋತ ಹತ್ತು ಫೈಲಿಗೆ ತೆರೀದನ ಸಹಿ ಹಾಕಿದ್ರು. ‘ಪೇಶಂಟ್ ಹೆಂಗ ಅದಾಳ?’ ಅಂತ ಸಪನಾಗ ಕೇಳಿದ್ರು. ‘ಆರಾಮ್ರಿ ಸರ್,’ ಅಂದ್ಲು. ಮುಗೀತು, ಪ್ರೋಸ್ಟೇಟ್ ಬಾತ ಆಯಿ ಪಾಸಾದ್ಲು! ಪರೀಕ್ಷಕನೂ ಇವರ ಪೈಕಿನ ಅಂತ ಅಕ್ಕುತಾಯಿ ತುಟಿ ಸೊಟ್ಟ ಮಾಡಿದ್ಲು.

ಹನ್ನೊಂದನೇ ಫೈಲ್ ಅವರು ಯಾಕೋ ತೆರದ್ರು. ಗ್ವಾಡಂಬಿ ತಾಟು ಸರಿಸಿದ್ರು. ಮೊದಲಿಂದ ಓದಾಕ ಹತ್ತಿದ್ರು. ಬಿ.ಪಿ. ಚಾರ್ಟಿನ ಪುಟದಾಗ ಬೆರಳಿಟ್ಟು ನಿಂತ್ರು.

‘ಎಂಟಕ್ಕ ನೂರಾ ಮೂವತ್ತೆಂಟು, ಎಂಬತ್ತೆಂಟು. ಹನ್ನೆರಡಕ್ಕೂ ನೂರಾ ಮೂವತ್ತೆಂಟು, ಎಂಬತ್ತೆಂಟು. ಮೂರಕ್ಕ ಝಟಕಾ. ಸಿಸ್ಟರ್, ಹನ್ನೆರಡರ ಬಿ.ಪಿ. ನೀವ ನೋಡಿದ್ರೇನು?’

ಎರಡು ವರ್ಷದಾಗ ಆ ಕಾಲೇಜಿನ್ಯಾಗ ಯಾರೋ ಕೇಳಿದ ಮೊದಲನೇ ಖರೇ ಪ್ರಶ್ನೆ ಅದು.

ಆವತ್ತು ಹನ್ನೆರಡಕ್ಕ ಅಕ್ಕುತಾಯಿ ಡ್ಯೂಟಿ ಖೋಲ್ಯಾಗ ಕುಂತು ಇದ ಕಾಲೇಜಿನ ನೋಟ್ಸ್ ಬರಿಯಾಕತ್ತಿದ್ಲು. ಕೋಮಲನ ಅತ್ತಿ ದುಂಡವ್ವ ಬಾಗಲಕ್ಕ ಬಂದು, ‘ಸಿಸ್ಟರ್ ಬಾಯಾರ, ಹುಡುಗಿಗೆ ತಲಿ ಭಾಳ ಸಿಡೀತೈತಂತ್ರಿ, ಕಣ್ಣ ಮಂಜ ಆಗ್ಯಾವಂತ,’ ಅಂದಿದ್ಲು. ‘ಬರ್ತೀನಿ ತಡಿಯವ್ವಾ’ ಅಂದಾಕಿ ಹೋಗಿರಲಿಲ್ಲ. ಬಸರೇರಿಗೆ ಅವು ಬಿ.ಪಿ. ಏರಿದ ಗುರುತು. ಆಮ್ಯಾಲೆ ಚಾರ್ಟ್ ತುಂಬೂಮುಂದ ಮ್ಯಾಲಿನ ಮನ್ಯಾಗಿನ ಎಂಟರ ಅಂಕಿ ನೋಡಿ ಕೆಳಗಿನ ಹನ್ನೆರಡರ ಮನ್ಯಾಗ ಅದನ್ನ ಇಳಿಸಿದ್ಲು. ಕೈಗೆ ರೂಢಿ ಆದ ಕೆಲಸ. ಇಪ್ಪತ್ತು ಪುಟಾ ಬರಿಯೂಮುಂದೂ ಆ ಅಂಕಿ ಮ್ಯಾಲೆ ಆಕಿ ಪೆನ್ನು ಒಂದು ಚೂರು ತಡದಿರಲಿಲ್ಲ. ಮಂದಿ ತಪ್ಪು ಹುಡುಕೂದ್ರಾಗ ಅಷ್ಟು ಗಡಿಬಿಡಿ ಇತ್ತು.

ಹೌದಂದ್ರ ಖುರ್ಚಿ, ಇಲ್ಲಂದ್ರ ಎರಡು ವರ್ಷ ಮಣ್ಣುಪಾಲು.

‘ನಾನ ನೋಡೇನ್ರಿ ಸರ್.’

ಶ್ರೇಣಿಕ ಸರ್ ಗೋಣು ಹಾಕಿದ್ರು. ಎಲ್ಲಾರನ್ನೂ ಒಳಗ ಕರದು ಫೈಲ್ ಎತ್ತಿ ಬಿ.ಪಿ. ಚಾರ್ಟ್ ಸಹಿತ ತೋರಿಸಿದ್ರು. ‘ಎಷ್ಟೋ ವರ್ಷದ ಮ್ಯಾಲೆ ಒಂದು ಖರೇ ಕೇಸು ಓದೇನಿ. ನರ್ಸ್ ಅಂದ್ರ ಇವರು. ನೋಡಿ ಕಲೀರಿ.’ ಎಲ್ಲಾರಕಿಂತ ಜಾಸ್ತಿ ಮಾರ್ಕ್ಸ್ ಆಕಿಗೇ ಕೊಟ್ರು. ಪ್ರಿನ್ಸಿಪಾಲ ಮೊದಲು ಚಪ್ಪಾಳಿ ಬಡದ.

ಮೆಟ್ಟಲಾ ಇಳಿಯೂಮುಂದ ಸಪನಾ ಬೆನ್ನತ್ತಿ ಬಂದ್ಲು. ‘ಅಕ್ಕಾ, ಒಂದು ಕೇಳ್ಲೇನ್ರಿ? ಹನ್ನೆರಡಕ್ಕ ಅಷ್ಟ ಇದ್ದ ಬಿ.ಪಿ. ಮೂರ ತಾಸಿನ್ಯಾಗ ಝಟಕಾ ಬರೂವಷ್ಟು ಹೆಂಗ ಏರಿತು? ನಮ್ಮಲ್ಲೂ ಬಸರೇರು ಬರ್ತಾರ, ತಿಳ್ಕೊಂಡಿರೂಣು ಅಂತ.’

ಆ ದನಿಯಾಗ ಕುಹಕ ಇರಲಿಲ್ಲ. ಹುಡುಗಿ ಖರೇನ ಕಲಿಯಾಕ ಕೇಳಿದ್ಲು. ಅದನ್ನ ಅಕ್ಕುತಾಯಿಗೆ ತಡಕೊಳ್ಳಾಕ ಆಗಲಿಲ್ಲ.

‘ಹನ್ನೆರಡಕ್ಕ ಏರಿತ್ತ ಬೇ. ನಾ ನೋಡಲಿಲ್ಲ. ಎಂಟರದ್ದು ನೋಡಿ ಬರದೆ.’

ಅಂದು, ಮಾರಿ ಗಟ್ಟಿ ಮಾಡ್ಕೊಂಡು ನಿಂತ್ಲು. ಉಗಳಲಿ ಈಕಿ. ಎಷ್ಟು ಉಗಳ್ತಾಳೋ ಉಗಳಲಿ, ನಾ ಒರಸ್ಕೊಳಂಗಿಲ್ಲ.

‘ಅಯ್ಯ, ಅಷ್ಟೇನ್ರಿ ಅಕ್ಕಾ?’ ಸಪನಾ ನಕ್ಕು ಆಕಿ ಕೈ ಹಿಡದ್ಲು. ‘ನಾ ಏನೋ ಅಂದ್ಕೊಂಡೆ. ಅದನ್ನ ನಾವೆಲ್ಲಾರೂ ಮಾಡ್ತೀವಲ್ರಿ. ಮಾರಿ ಸಣ್ಣದ ಮಾಡಬ್ಯಾಡ್ರಿ, ನಡೀರಿ ಚಾ ಕುಡಿಯೂಣು.’

ಆ ಕೈ ಝಾಡಿಸಿ ಒಗೀಬೇಕು ಅಂದ್ಕೊಂಡ್ಲು ಅಕ್ಕುತಾಯಿ. ಯಾವ ಮಾರಿ ಇಟ್ಕೊಂಡು ಝಾಡಿಸೂದು? ಕೆಳಗ ಚಾದಂಗಡಿ ಮುಂದ ಉಳದವರು ನಿಂತು, ಅಕ್ಕಾ ಬರ್ರಿ, ಅಕ್ಕಾ ಬರ್ರಿ ಅಂತ ಕರಿಯಾಕತ್ತಿದ್ರು. ಅಕ್ಕುತಾಯಿ ಇಳದು ಹೋಗಿ ಅವರ ಕೂಡ ನಿಂತ್ಲು.