ಕಾಲು ನೋಡುವ ತೀರ್ಪುಗಾರ

ಸ್ಕೇಟಿನ ಚಕ್ರದ ಸದ್ದು ಬದಲಾಗಿದೆ, ಹೋದ ವರ್ಷ ಇವನು ಇದೇ ಸಿಮೆಂಟಿನ ಮೇಲೆ ಹೊರಟಾಗ ಮೊರದಲ್ಲಿ ಅಕ್ಕಿ ಆಡಿಸಿದಂಥ ಸದ್ದಿತ್ತು, ಈಗ ಕಲ್ಲಿನ ಮೇಲೆ ಕಲ್ಲು ಉರುಳಿಸಿದ ಹಾಗಿದೆ, ಗಟ್ಟಿ ಚಕ್ರ ಹಾಕಿಸಿಕೊಂಡಿದ್ದಾನೆ ನರೇಶ, ಜಿಗಿಯುವವನಿಗೆ ಗಟ್ಟಿ ಚಕ್ರವೇ ಬೇಕು, ಹಾಗಂತ ಅವನಿಗೆ ಹೇಳಿದ್ದು ಯಾರು, ತಾನೇ — ಮುನಿರಾಮಯ್ಯ ಪೆನ್ನಿನ ಮುಚ್ಚಳ ತೆಗೆದು ಹಾಳೆಯನ್ನು ಎಡಗೈಯಿಂದ ಒತ್ತಿ ಹಿಡಿದರು, ಗಾಳಿ ಇದೆ, ದೇವನಹಳ್ಳಿ ಕಡೆಗೆ ಇಳಿಯುವ ವಿಮಾನವೊಂದು ಪಂದ್ಯ ನಡೆಯುತ್ತಿರುವ ಈ ಶಾಲೆಯ ನೆತ್ತಿಯ ಮೇಲೇ ಹೋಗುತ್ತಿದೆ, ಹಾಡು ಅದರಲ್ಲಿ ಮುಳುಗಿತು, ಪರವಾಗಿಲ್ಲ, ಹಾಡು ಕೇಳುವುದಕ್ಕೆ ಕೂತವನಲ್ಲ ತಾನು, ಕಾಲು ನೋಡುವುದಕ್ಕೆ ಕೂತವನು. ಹಾಳೆಯಲ್ಲಿ ಎರಡು ಮನೆ, ಮೊದಲನೆಯದು ತಾಂತ್ರಿಕ, ಎರಡನೆಯದು ಕಲಾತ್ಮಕ, ಒಂದೊಂದಕ್ಕೂ ಹತ್ತು ಅಂಕ, ಜಿಲ್ಲಾ ಮಟ್ಟದಲ್ಲಿ ಇನ್ನೂ ಈ ಹಳೇ ಪದ್ಧತಿಯೇ, ದೊಡ್ಡ ಪಂದ್ಯಗಳಲ್ಲಿ ಕಂಪ್ಯೂಟರ್ ಬಂದು ಒಂದೊಂದು ಜಿಗಿತಕ್ಕೂ ಒಂದೊಂದು ಬೆಲೆ ಕಟ್ಟುತ್ತದಂತೆ, ಪಕ್ಕದ ಕುರ್ಚಿಯ ರಮ್ಯ ಹೇಳುತ್ತಿರುತ್ತಾಳೆ, ಅವಳೂ ತೀರ್ಪುಗಾರ್ತಿ, ವಯಸ್ಸಿನಲ್ಲಿ ಮಗಳಷ್ಟಿದ್ದಾಳೆ, ಯಾರು ಸ್ಕೇಟ್ ಮಾಡಿದರೂ ಮುಖವನ್ನೇ ನೋಡುತ್ತಾಳೆ. ತಾನು ಹಾಗಲ್ಲ. ಮೂವತ್ತೊಂದು ವರ್ಷ ಪಿ.ಟಿ. ಮೇಷ್ಟ್ರು, ಇಪ್ಪತ್ತು ವರ್ಷದಿಂದ ಈ ಮೇಜಿನ ಹಿಂದೆ, ಕಣ್ಣು ಮೊಣಕಾಲಿನಿಂದ ಮೇಲೆ ಹೋದದ್ದೇ ಇಲ್ಲ, ಚಕ್ರ ಊರಿದ್ದು ಒಳ ಅಂಚಿನ ಮೇಲೋ ಹೊರ ಅಂಚಿನ ಮೇಲೋ, ಗಾಳಿಯಲ್ಲಿ ಸುತ್ತು ಎರಡು ಪೂರ್ತಿಯಾಯಿತೋ ಕಾಲು ಸುತ್ತು ಬಾಕಿ ಉಳಿಯಿತೋ, ಇಳಿದದ್ದು ಒಂದೇ ಕಾಲ ಮೇಲೋ — ಇದನ್ನು ನೋಡಿ ಹೇಳುವುದರಲ್ಲಿ ಜಿಲ್ಲೆಯಲ್ಲಿ ತನ್ನನ್ನು ಮೀರಿಸಿದವರಿಲ್ಲ, ಎಲ್ಲರೂ ಹೇಳುತ್ತಾರೆ, ಮುನಿರಾಮಯ್ಯನವರ ಕಣ್ಣು ತಪ್ಪಲ್ಲ ಅಂತ, ಹೆಂಡತಿ ಮುತ್ತಮ್ಮ ಒಬ್ಬಳೇ ಹಾಗೆ ಹೇಳಲಿಲ್ಲ.

ಈಗ ಅವಳ ಯೋಚನೆ ಬೇಡ, ಹುಡುಗ ಸ್ಕೇಟ್ ಮಾಡುತ್ತಿದ್ದಾನೆ, ಮೊದಲ ಜಿಗಿತಕ್ಕೆ ವೇಗ ತುಂಬಿಕೊಳ್ಳುತ್ತಿದ್ದಾನೆ, ಹಿಮ್ಮುಖವಾಗಿ ತಿರುಗಿ ಬರುತ್ತಿದ್ದಾನೆ, ಎತ್ತರ ಚೆನ್ನಾಗಿದೆ, ಒಂದು, ಎರಡು, ಇಳಿದ, ಒಂದೇ ಕಾಲ ಮೇಲೆ, ಅಂಚು ಸರಿಯಾಗಿದೆ — ಹೋದ ವರ್ಷ ಇವನ ಬಳಿ ಇದು ಇರಲಿಲ್ಲ. ಹೋದ ವರ್ಷ ಇದೇ ಸೀನಿಯರ್ ಪುರುಷರ ವಿಭಾಗ, ರಾಜ್ಯ ಮಟ್ಟಕ್ಕೆ ಒಬ್ಬನನ್ನೇ ಕಳಿಸಬೇಕು, ಇಬ್ಬರೇ ಮಿಕ್ಕಿದ್ದರು, ಹೊಸಕೋಟೆಯ ನವೀನ್‌ಕುಮಾರ್ ಮತ್ತು ದೊಡ್ಡಬಳ್ಳಾಪುರದ ಈ ನರೇಶ, ಮನೆಯಲ್ಲೇ ನಾಲ್ಕು ಮಗ್ಗ ಇಟ್ಟುಕೊಂಡು ತಾಯಿಯ ಜೊತೆ ಸೀರೆ ನೇಯುವವನು, ಬೆಳಗಿನ ಹೊತ್ತು ಸ್ಕೇಟಿಂಗ್, ಆಮೇಲೆ ಮಗ್ಗ. ನವೀನ ಎರಡು ಸಲ ಗಾಳಿಯಲ್ಲಿ ಎರಡೆರಡು ಸುತ್ತು ತಿರುಗಿ ಇಳಿದ, ಒಂದರಲ್ಲಿ ಕೈ ನೆಲಕ್ಕೆ ತಾಗಿತು, ಇಳಿದದ್ದಂತೂ ಇಳಿದ, ಮುಖದಲ್ಲಿ ಏನೂ ಇರಲಿಲ್ಲ, ಲಾರಿಯಿಂದ ಮೂಟೆ ಇಳಿಸಿದವನ ಹಾಗೆ ಕೈ ಕೊಡವಿಕೊಂಡು ಹೋದ. ನರೇಶನದು ಎಲ್ಲ ಒಂಟಿ ಸುತ್ತಿನ ಜಿಗಿತಗಳು, ಹನ್ನೆರಡು ವರ್ಷದ ಮಕ್ಕಳು ಮಾಡುವಂಥವು, ಆದರೆ ಅವನು ಸ್ಕೇಟ್ ಮಾಡುತ್ತಿರುವಷ್ಟೂ ಹೊತ್ತು ಜನ ಕೆಮ್ಮಲಿಲ್ಲ, ಐಸ್‌ಕ್ರೀಮಿನವನು ಗಂಟೆ ಬಾರಿಸಲಿಲ್ಲ, ರಮ್ಯ ಪೆನ್ನು ಕೆಳಗಿಟ್ಟುಬಿಟ್ಟಿದ್ದಳು, ತಾನು ಮಾತ್ರ ಕಾಲು ನೋಡುತ್ತಲೇ ಇದ್ದೆನಲ್ಲ ಎಂದು ಮುನಿರಾಮಯ್ಯನವರಿಗೆ ಈಗ ನೆನಪಾಗುತ್ತದೆ, ಪಕ್ಕದಲ್ಲಿ ಇವಳ ಉಸಿರು ನಿಂತದ್ದು ಕೇಳಿಸಿತ್ತು, ಆದರೂ ತಲೆ ಎತ್ತಿರಲಿಲ್ಲ. ನರೇಶನಿಗೆ ತಾಂತ್ರಿಕ ಐದು ಪಾಯಿಂಟ್ ಎರಡು, ಕಲಾತ್ಮಕ ಏಳು. ನವೀನನಿಗೆ ಆರು ಪಾಯಿಂಟ್ ಎಂಟು, ಐದು ಪಾಯಿಂಟ್ ಆರು. ಕೂಡಿದರೆ ನವೀನ ಸೊನ್ನೆ ಪಾಯಿಂಟ್ ಎರಡು ಮುಂದೆ. ಮೂವರು ತೀರ್ಪುಗಾರರಲ್ಲಿ ರಮ್ಯ ನರೇಶನ ಕಡೆ, ತುಮಕೂರಿನಿಂದ ಬಂದವರು ನವೀನನ ಕಡೆ, ನಡುವೆ ತಾನು, ತನ್ನ ಆ ಸೊನ್ನೆ ಪಾಯಿಂಟ್ ಎರಡು. ಏಳರ ಬದಲು ಏಳೂವರೆ ಬರೆದಿದ್ದರೆ ಹುಡುಗ ಹೋಗುತ್ತಿದ್ದ, ಏಳೂವರೆ ಯಾಕೆ ಬರೆಯಲಿಲ್ಲ, ಯಾಕೆಂದರೆ ಎರಡನೇ ಮನೆಯಲ್ಲಿ ಏಳಕ್ಕಿಂತ ಹೆಚ್ಚು ತಾನು ಯಾರಿಗೂ ಬರೆದವನಲ್ಲ, ಅಲ್ಲಿ ಕೈ ಯಾವಾಗಲೂ ಹೆದರುತ್ತದೆ, ನಾಳೆ ಯಾರಾದರೂ ಬಂದು ಯಾಕೆ ಅಂದರೆ ತೋರಿಸುವುದಕ್ಕೆ ಏನಿದೆ, ಸುತ್ತನ್ನಾದರೆ ಎಣಿಸಿ ತೋರಿಸಬಹುದು.

ಅವತ್ತು ಎಲ್ಲ ಮುಗಿದು ಕುರ್ಚಿ ಮಡಚುತ್ತಿದ್ದಾಗ ನರೇಶ ಬಂದು ನಿಂತ, ಸ್ಕೇಟುಗಳನ್ನು ಲೇಸಿನಿಂದ ಕಟ್ಟಿ ಹೆಗಲ ಮೇಲೆ ಹಾಕಿಕೊಂಡಿದ್ದ, ನನ್ನದರಲ್ಲಿ ಏನು ಕಮ್ಮಿಯಾಯ್ತು ಸಾರ್, ತಿದ್ಕೋತೀನಿ ಅಂದ, ಜಗಳದ ದನಿಯಲ್ಲ, ತಿಳಿದುಕೊಳ್ಳುವ ದನಿ. ಜಿಗಿತ ಕಮ್ಮಿಯಾಯ್ತಪ್ಪ, ಡಬಲ್ ಬೇಕು, ಚಕ್ರ ಮೆತ್ತಗಿದೆ ಗಟ್ಟಿದು ಹಾಕ್ಸು, ಮಿಕ್ಕಿದ್ದೆಲ್ಲ ಚೆಂದವೇ, ಆದರೆ ಚೆಂದಕ್ಕೆ ನಾನು ಎಷ್ಟು ಬರೆಯಕ್ಕಾಗತ್ತೆ ಹೇಳು. ಹಾಗೇ ಅಂದಿದ್ದು, ಒಂದಕ್ಷರ ಹೆಚ್ಚಿಲ್ಲ ಕಡಿಮೆಯಿಲ್ಲ. ಹುಡುಗ ತಲೆಯಾಡಿಸಿ ಹೋದ. ತಾನು ಸ್ಕೂಟರ್ ಹತ್ತಿ ಮುತ್ತಮ್ಮನನ್ನು ಹಿಂದೆ ಕೂರಿಸಿಕೊಂಡು ರಾಜಘಟ್ಟಕ್ಕೆ ಹೊರಟಾಗ — ಅಷ್ಟು ವರ್ಷಗಳಲ್ಲಿ ಅವಳು ಪಂದ್ಯ ನೋಡಲು ಬಂದದ್ದು ಅದೊಂದೇ ಸಲ, ತವರಿನಲ್ಲಿ ಏನೋ ಕೆಲಸವಿತ್ತು, ತವರೂ ದೊಡ್ಡಬಳ್ಳಾಪುರವೇ, ಮಗ್ಗದ ಮನೆಯೇ — ರೈಲ್ವೆ ಗೇಟು ಹಾಕಿತ್ತು, ಎಂಜಿನ್ ಆರಿಸಿದಾಗ ಅವಳು ಕೇಳಿದಳು, ಆ ಹುಡುಗನಿಗೆ ಯಾಕ್ರೀ ಕೊಡ್ಲಿಲ್ಲ. ಜಿಗಿತ ಇಲ್ಲ ಕಣೇ. ಜಿಗಿತ ಹಾಳಾಗ್ಲಿ, ಅವನು ಎಳೆ ಕಟ್ತಿದ್ದ, ನೋಡ್ಲಿಲ್ವಾ. ಯಾವ ಎಳೆ. ಅಯ್ಯೋ, ನಡುವೆ ಒಂದ್ಕಡೆ ಬಗ್ಗಿ ಬಂದ್ನಲ್ಲ, ಮಗ್ಗದಲ್ಲಿ ಎಳೆ ಕಿತ್ಕೊಂಡಾಗ ಹೆಂಗೆ ಹುಡುಕ್ತೀವಿ, ಎರಡು ಬೆರಳಲ್ಲಿ ಹಿಡಿದು, ಹೊಸೆದು, ಗಂಟು ಹಾಕಿ ಬಿಡ್ತೀವಲ್ಲ, ಅದನ್ನ ಮಾಡಿದ, ಗಂಟು ಹಾಕಿದ್ಮೇಲೆ ಎಳೆ ನಿಂತ್ಕೊಳತ್ತೋ ಇಲ್ವೋ ಅಂತ ಒಂದು ಗಳಿಗೆ ಕೈ ಹಂಗೇ ಇಟ್ಕೊಂಡಿರ್ತೀವಿ, ಅದನ್ನೂ ಮಾಡಿದ ಕಣ್ರೀ, ಅಷ್ಟು ಜೋರಾಗಿ ಹೋಗ್ತಾ ಇದ್ರೂ ಕೈ ಮಾತ್ರ ನಿಂತಿತ್ತು, ನಂಗೆ ನಮ್ಮವ್ವನ್ನ ನೋಡ್ದಂಗಾಯ್ತು. ರೈಲು ಬಂದು ಹೋಯಿತು, ಗೇಟು ತೆರೆಯಿತು, ಕೈ ನೋಡಿರಲಿಲ್ಲ ಎಂದು ಹೆಂಡತಿಯ ಮುಂದೆ ಒಪ್ಪಿಕೊಳ್ಳಲು ಆಗಲಿಲ್ಲ. ಮನೆಯಲ್ಲಿ ಊಟಕ್ಕೆ ಬಡಿಸುವಾಗ ಮತ್ತೆ ಅಂದಳು, ಅವನು ಸಿಕ್ಕಿದ್ರೆ ಒಂದ್ ಮಾತು ಹೇಳಿ, ಒಬ್ಬಳು ನೋಡಿದ್ಲು, ಗೊತ್ತಾಯ್ತಂತೆ ಅಂತ. ಹೇಳ್ತೀನಿ ಬಿಡು. ಹೇಳಲಿಲ್ಲ. ತೀರ್ಪುಗಾರ ಆಟಗಾರನ ಹತ್ತಿರ ಹೋಗಿ ಹಾಗೆಲ್ಲ ಮಾತಾಡಬಾರದು ಎಂದುಕೊಂಡರು, ಯುಗಾದಿಯಲ್ಲಿ ಬಜಾರಿನಲ್ಲೇ ಸಿಕ್ಕಿದ್ದ ಹುಡುಗ, ನಮಸ್ಕಾರ ಸಾರ್ ಅಂದ, ಪ್ರಾಕ್ಟೀಸ್ ಹೆಂಗಿದೆ ಅಂದರು, ಡಬಲ್ ಬರ್ತಾ ಇದೆ ಸಾರ್ ಅಂದ, ಭೇಷ್ ಅಂದರು, ಅಷ್ಟೇ. ಶ್ರಾವಣದಲ್ಲಿ ಮುತ್ತಮ್ಮ ಕೇಳಿದಳು, ಹೇಳಿದ್ರಾ. ಹೇಳಿದೆ ಅಂದುಬಿಟ್ಟರು. ಏನಂದ. ಖುಷಿ ಪಟ್ಟ. ಆ ಸುಳ್ಳಿಗೆ ಅವಳ ಮುಖ ಎಷ್ಟು ಅರಳಿತು, ಮುಂದಿನ ವರ್ಷವೂ ನನ್ನ ಕರ್ಕೊಂಡ್ ಹೋಗಿ ಅಂದಳು, ಆ ಮುಂದಿನ ವರ್ಷ ಇದೇ, ಹೋದ ತಿಂಗಳು ಅವರೆಕಾಯಿ ಸುಲಿಯುತ್ತ ಜಗಲಿಯ ಮೇಲೆ ಕೂತವಳು ಹಾಗೇ ಗೋಡೆಗೆ ಒರಗಿದಳು, ಮತ್ತೆ ಏಳಲಿಲ್ಲ, ತೊಡೆಯ ಮೇಲಿನ ಕಾಳು ಕೂಡ ಚೆಲ್ಲಿರಲಿಲ್ಲ.

ಎರಡನೇ ಜಿಗಿತ, ಎರಡು ಸುತ್ತು, ಇಳಿದ. ಇವತ್ತು ಮಧ್ಯಾಹ್ನ ಶಾಲೆಯವರು ಊಟಕ್ಕೆ ಅವರೆಕಾಳಿನ ಸಾರನ್ನೇ ಮಾಡಿಸಿದ್ದರು, ಮುದ್ದೆ ಮುರಿದು ಅದ್ದಿ, ಹಾಗೇ ತಟ್ಟೆ ಸರಿಸಿ ಎದ್ದದ್ದಾಯಿತು, ಈ ಸಲ ನೀವು ಬರ್ಬೇಡಿ ಸಾರ್, ನಾವು ನೋಡ್ಕೋತೀವಿ ಅಂದಿದ್ದಳು ರಮ್ಯ, ಬಂದೆ, ಬಂದದ್ದು ಯಾಕೆಂದರೆ ನೋಡಬೇಕಿತ್ತು, ಒಂದು ಸಲವಾದರೂ ಅವಳು ನೋಡಿದ್ದನ್ನು ನೋಡಬೇಕಿತ್ತು, ಹಾಗಾಗಿ ಇವತ್ತು ಮೊದಲಿನಿಂದಲೂ ಮುನಿರಾಮಯ್ಯ ಕಷ್ಟಪಟ್ಟು ಕತ್ತೆತ್ತಿದ್ದಾರೆ, ಕಣ್ಣು ಮತ್ತೆ ಮತ್ತೆ ಕೆಳಗೆ ಜಾರುತ್ತದೆ, ಮತ್ತೆ ಮೇಲೆ ತರುತ್ತಾರೆ, ಮೊಣಕಾಲು, ಸೊಂಟ, ತೋಳು, ಕೈ — ಕೈ ಮುಷ್ಟಿಯಾಗಿದೆ. ಹೊರಟಾಗಿನಿಂದ ಮುಷ್ಟಿಯೇ. ಜಿಗಿಯುವಾಗ ಎಲ್ಲರೂ ಎದೆಗೆ ಕೈ ಒತ್ತಿಕೊಳ್ಳುತ್ತಾರೆ ಸರಿ, ಇವನು ಇಳಿದ ಮೇಲೂ ಬಿಡಲಿಲ್ಲ, ತೋಳು ಚಾಚಿದಾಗಲೂ ತುದಿಯಲ್ಲಿ ಎರಡು ಮುಷ್ಟಿ, ತುಟಿ ಆಡುತ್ತಿದೆ, ಎಣಿಸುತ್ತಿದ್ದಾನೆ. ಈಗ ಬರುತ್ತದೆ, ನಡುಭಾಗ, ಹಾಡು ಇಳಿಯಿತು, ಹೋದ ವರ್ಷದ್ದೇ ಹಾಡು, ಮುತ್ತಮ್ಮ ಹೇಳಿದ ಜಾಗ ಇದೇ ಇರಬೇಕು, ಈಗ ಬಗ್ಗುತ್ತಾನೆ, ಹುಡುಕುತ್ತಾನೆ, ಬೆರಳು ಬಿಡಿಸುತ್ತಾನೆ — ಬಗ್ಗಲಿಲ್ಲ. ಆ ಜಾಗದಲ್ಲಿ ಸುಮ್ಮನೆ ಹಿಮ್ಮುಖವಾಗಿ ತಿರುಗಿ ವೇಗ ಕೂಡಿಸಿಕೊಂಡ, ಹಾರಿದ, ಮೂರನೇ ಡಬಲ್, ಇಳಿದ, ಜನ ಚಪ್ಪಾಳೆ ಹೊಡೆದರು, ಯಾರೋ ಸಿಳ್ಳೆ ಹಾಕಿದರು, ರಮ್ಯ ಮುಖ ತಿರುಗಿಸಿ ನೀರಿನ ಬಾಟಲಿ ಹುಡುಕಿದಳು. ಎಷ್ಟು ಚೊಕ್ಕವಾಗಿ ಇಳಿದ, ಒಂದು ವರ್ಷದಲ್ಲಿ ಇಷ್ಟು, ಎಷ್ಟು ಸಲ ಬಿದ್ದಿರಬೇಕು, ಸೊಂಟ ಎಷ್ಟು ಊದಿರಬೇಕು, ಮಗ್ಗದ ಮುಂದೆ ಕೂರಲಾರದೆ ನಿಂತು ನೇಯ್ದ ದಿನಗಳಿರಬೇಕು, ಎಲ್ಲ ತನ್ನ ಆ ಒಂದು ಮಾತಿಗೆ. ಹಾಡು ನಿಂತಿತು. ಮೊದಲನೇ ಮನೆ, ಏಳು ಪಾಯಿಂಟ್ ಎಂಟು, ಯೋಚಿಸುವುದೇ ಬೇಕಿಲ್ಲ. ಎರಡನೇ ಮನೆ. ಇಲ್ಲಿ ಏನಿತ್ತು, ಏನೂ ಇರಲಿಲ್ಲ, ನಾಲ್ಕೂವರೆ, ನ್ಯಾಯವಾಗಿ ನಾಲ್ಕೂವರೆ, ಈಗಷ್ಟೇ ನವೀನ ಎರಡು ಡಬಲ್ ಮಾಡಿದ್ದ, ನಕ್ಕಿದ್ದ ಕೂಡ, ಈ ವರ್ಷ ಯಾರೋ ಕಲಿಸಿದ್ದಾರೆ ಅವನಿಗೆ, ನಾಲ್ಕೂವರೆ ಬರೆದರೆ ನರೇಶ ಮತ್ತೆ ಸೋಲುತ್ತಾನೆ, ಸೋತು ಮತ್ತೆ ಬಂದು ಮುಂದೆ ನಿಲ್ಲುತ್ತಾನೆ, ಏನು ಕಮ್ಮಿಯಾಯ್ತು ಸಾರ್ ಅನ್ನುತ್ತಾನೆ, ಆಗ ಯಾವ ಬಾಯಲ್ಲಿ ಹೇಳುವುದು, ನೀನು ಬಿಟ್ಟದ್ದೇ ಕಮ್ಮಿಯಾಯಿತು ಅಂತಲೇ, ಬಿಡಿಸಿದವನು ಯಾರು. ಅಂಕ ಕೇಳುವ ಹುಡುಗಿ ಮೇಜಿನ ಮುಂದೆ ಬಂದು ನಿಂತಿದ್ದಾಳೆ, ಸಾರ್ ಬರೆದ್ರಾ. ಪೆನ್ನು ಇಳಿಯಿತು. ಏಳು. ಬರೆದ ಮೇಲೆ ನೋಡಿಕೊಂಡರು, ಹೋದ ವರ್ಷ ಬರೆದದ್ದೇ ಏಳು, ಅದಕ್ಕೂ ಏಳು ಇದಕ್ಕೂ ಏಳು. ರಮ್ಯ ಪಕ್ಕದಿಂದ ಬಗ್ಗಿ ನೋಡಿದಳು, ತನ್ನ ಹಾಳೆಯನ್ನು ಮಗುಚಿಟ್ಟಳು.

ಗೆದ್ದ. ಮೈಕಿನಲ್ಲಿ ಹೆಸರು ಕೂಗಿದರು, ಎಲ್ಲರ ಅಂಕವನ್ನೂ ಹಲಗೆಯ ಮೇಲೆ ಬರೆದರು, ಹಾರ ಹಾಕಿಸಿಕೊಂಡು ನರೇಶ ನೇರವಾಗಿ ಇಲ್ಲಿಗೇ ಬರುತ್ತಿದ್ದಾನೆ, ಬೇಡ, ಬರಬೇಡಪ್ಪ, ಬಂದೇಬಿಟ್ಟ, ಬಗ್ಗಿ ಕಾಲು ಮುಟ್ಟಿದ, ಹಾರದ ಸೇವಂತಿಗೆಯ ಎರಡು ದಳ ಚಪ್ಪಲಿಯ ಮೇಲೆ ಉದುರಿತು. ನೀವ್ ಹೇಳ್ದಂಗೇ ಮಾಡ್ದೆ ಸಾರ್. ನೋಡಿದೆನಪ್ಪ. ನಂಗೆ ಒಂದೇ ಭಯ ಇತ್ತು ಸಾರ್, ಜಿಗಿತಕ್ಕೆ ಜಾಗ ಮಾಡ್ಕೊಳಕ್ಕೆ ಹೋಗಿ ಅದನ್ನ ಇದನ್ನ ಕಿತ್ತಾಕ್ದೆ, ಚೆಂದ ಹೋಗ್ಬಿಡತ್ತೇನೋ ಅಂತ, ಹಲಗೆ ನೋಡಿದ್ಮೇಲೆ ನೆಮ್ಮದಿ ಆಯ್ತು, ನಿಮ್ಮದ್ರಲ್ಲಿ ಹೋದ ವರ್ಷದಷ್ಟೇ ಬಂದಿದೆ, ಏನೂ ಕಮ್ಮಿಯಾಗಿಲ್ಲ. ಹೇಳಿಬಿಡಬೇಕು, ಈಗಲಾದರೂ, ಅದು ಸುಳ್ಳು ಅಂಕ ಎನ್ನಬೇಕು, ಬಾಯಿ ಅಲ್ಲಿಗೆ ಹೋಗಲಿಲ್ಲ, ಬೇರೆ ಕಡೆಯಿಂದ ಬಂತು ಮಾತು, ಹೋದ ವರ್ಷ ನಡುವೆ ಒಂದು ಕಡೆ ಎಳೆ ಕಟ್ತಿದ್ದೆಯಲ್ಲಪ್ಪ, ಅದನ್ನ ಯಾಕೆ ಬಿಟ್ಟೆ. ಹುಡುಗ ಅವರ ಮುಖವನ್ನೇ ನೋಡಿದ. ಅದು ನಿಮಗೆ ಗೊತ್ತಾಗಿತ್ತಾ ಸಾರ್. ನನಗಲ್ಲ, ನಮ್ಮನೆಯವರಿಗೆ, ಅವತ್ತು ಬಂದಿದ್ದಳು, ನಿನಗೆ ಹೇಳು ಅಂತ ಹೇಳಿದ್ದಳು, ನಾನೇ ಹೇಳಲಿಲ್ಲ. ಯಾರಿಗೂ ತಿಳೀಲಿಲ್ಲ ಅನ್ಕೊಂಡಿದ್ದೆ ಸಾರ್, ಒಬ್ಬರೂ ಅದರ ಮಾತೆತ್ತಲಿಲ್ಲ, ಅದಕ್ಕೇ ಮೊದಲು ಅದನ್ನೇ ತೆಗೆದೆ, ನಾಲ್ಕು ಸೆಕೆಂಡ್ ಹಿಡೀತಿತ್ತು, ಅಷ್ಟರಲ್ಲಿ ಒಂದು ಡಬಲ್ ಆಗತ್ತೆ — ಅಂದವನು ತಿರುಗಿ ಜನರ ಕಡೆ, ಬಣ್ಣ ಬಣ್ಣದ ಪ್ಲಾಸ್ಟಿಕ್ ಕುರ್ಚಿಗಳ ಕಡೆ ನೋಡಿದ, ಮೇಡಂ ಇವತ್ತೂ ಬಂದಿದಾರಾ ಸಾರ್. ಮುನಿರಾಮಯ್ಯ ಇಲ್ಲವೆಂದು ತಲೆಯಾಡಿಸಿದರು, ಹುಡುಗ ಅವರನ್ನು ಸಮಾಧಾನ ಮಾಡುವವನ ಹಾಗೆ, ತೋರಿಸ್ತೀನಿ ಇರಿ ಸಾರ್, ನಿಮಗಾದ್ರೂ ತೋರಿಸ್ತೀನಿ ಎಂದು ಬಲಗೈ ಮುಂದೆ ತಂದ, ಆ ಕೈ ಮತ್ತೆ ಮುಷ್ಟಿಯಾಗಿತ್ತು, ಅದು ಅವನಿಗೂ ಈಗಲೇ ತಿಳಿದ ಹಾಗಿತ್ತು, ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು, ಬಿಡಿಸಿದ ಅಂಗೈಯಲ್ಲಿ ನಾಲ್ಕು ಉಗುರಿನ ಗುರುತು, ಕೆಂಪಗೆ, ಸಾಲಾಗಿ, ಎರಡು ಬೆರಳು ಗಾಳಿಯಲ್ಲಿ ಏನನ್ನೋ ಹಿಡಿಯಲು ಹೋಗಿ ನಿಂತವು, ಮೊದಲು ಯಾವ ಬೆರಳು ಸಾರ್, ಮರ್ತೋಗಿದೆ ನೋಡಿ ಅಂದ, ನಕ್ಕ, ರಮ್ಯ ಯಾರನ್ನೋ ಕರೆಯುತ್ತಿದ್ದಾಳೆ, ಮತ್ತೊಂದು ವಿಮಾನ ಇಳಿಯುತ್ತಿದೆ, ಕುರ್ಚಿ ಮಡಚುತ್ತಿದ್ದಾರೆ, ಮುನಿರಾಮಯ್ಯನವರಿಗೆ ಕಣ್ಣು ಕೆಳಗಿಳಿಸಲು ಆಗುತ್ತಿಲ್ಲ, ಕೆಂಪಗೆ, ಸಾಲಾಗಿ, ನಾಲ್ಕು, ಅಂಗೈಯಲ್ಲಿ, ಉಗುರಿನ ಗುರುತು, ನಾಲ್ಕು